ಎಲ್ಲಿಂದ ಕರೆದರೂ

ಮಾರ್ಚ್ 4, ಸೋಮವಾರ

ಇವತ್ತು ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು. ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮನೆಗೆ ಹೋದರೆ ಬರೆಯುವುದಿರಲಿ, ಉಸಿರಾಡುವುದಕ್ಕೂ ಜಾಗ ಹುಡುಕಬೇಕು. ಸಿಟ್ಟನ್ನು ಇಲ್ಲೇ ಇಳಿಸಿ ಹೋಗದಿದ್ದರೆ ಇವರ ಮೇಲೆ ಹರಿಹಾಯುತ್ತೇನೆ. ಆ ಮನೆಯಲ್ಲಿ ನಾನು ಹರಿಹಾಯಬಹುದಾದವರು ನನ್ನ ಗಂಡ ಒಬ್ಬರೇ. ಬಾಕಿಯವರ ಮೇಲೆ ಬಾಯಿ ಮಾಡುವ ಹಕ್ಕು ನಮಗಿಲ್ಲ, ಅದು ಭಾವನ ಮನೆ.

ನಮ್ಮ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ಯಂತ್ರ. ಅದು ಬರೀ ಅಂಕಿಗಳನ್ನು ಉಗುಳುತ್ತದೆ. ಯಾವುದು ಎಷ್ಟಿರಬೇಕು, ಎಷ್ಟಿದೆ, ಹೆಚ್ಚೋ ಕಡಿಮೆಯೋ ಎಂದು ಒಬ್ಬರು ಕೂತು ಟೈಪ್ ಮಾಡಿ ರಿಪೋರ್ಟು ತಯಾರಿಸಬೇಕು. ಮುಖ್ಯ ಲ್ಯಾಬಿನಲ್ಲಿ ಆ ಒಬ್ಬರು ನಾನು. ಟೈಪ್ ಮಾಡಿ ಮಾಡಿ ಬೆರಳು ಸೆಟೆದುಕೊಂಡ ಮೇಲೆ, ಹಟಕ್ಕೆ ಬಿದ್ದು ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಆ ಕೆಲಸವನ್ನೆಲ್ಲ ತಾನೇ ಮಾಡುವ ಒಂದು ಪ್ರೋಗ್ರಾಂ ಬರೆದೆ. ಮ್ಯಾನೇಜರ್‌ಗೆ ವಾಸನೆ ಬಡಿಯಿತು. "ಇದು ಎಲ್ಲಾ ಬ್ರಾಂಚಲ್ಲೂ ಓಡ್ಲಿ ಮೇಡಂ, ನಿಮ್ಮನ್ನ ಪರ್ಮನೆಂಟ್ ಮಾಡ್ಸೋ ಜವಾಬ್ದಾರಿ ನಂದು," ಅಂದರು. ಆರಾರು ತಿಂಗಳಿಗೊಮ್ಮೆ ಕಾಂಟ್ರಾಕ್ಟಿಗೆ ಸಹಿ ಹಾಕಿ ಕೆಲಸ ಮುಂದುವರಿಸುತ್ತಾ ಬಂದವಳಿಗೆ ಆ ಮಾತು ಕೇಳಿ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಇವತ್ತು ಸೇತುವೆ ಬ್ರಾಂಚಿನಲ್ಲಿ ಮೊದಲ ಪ್ರದರ್ಶನ. ಮ್ಯಾನೇಜರ್, ರಿಪೋರ್ಟುಗಳಿಗೆ ಸಹಿ ಹಾಕುವ ಡಾಕ್ಟರ್, ಅಲ್ಲಿನ ಟೈಪಿಸ್ಟ್, ಮೂವರೂ ಸುತ್ತ ನಿಂತಿದ್ದರು. ಆ ಟೈಪಿಸ್ಟ್ ನನಗಿಂತ ಹಿರಿಯಳು. ಕನ್ನಡಕಕ್ಕೆ ಸರಪಳಿ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟುಕೊಂಡಿರುತ್ತಾಳೆ. ಯಂತ್ರ ಪರೀಕ್ಷೆ ಮುಗಿಸಿದ ಕೂಡಲೇ ಅದರ ಸಾಫ್ಟ್‌ವೇರೇ ನನ್ನ ಪ್ರೋಗ್ರಾಮನ್ನು ಕರೆಯುವಂತೆ ಕಟ್ಟಿದ್ದೆ. ಯಂತ್ರ ಗುಂಯ್ ಅಂದು ನಿಂತಿತು. ಪರದೆಯ ಮೇಲೆ ಕೆಂಪಕ್ಷರ ಬಂತು: ಮಿತಿ ಫೈಲ್ ಸಿಗಲಿಲ್ಲ. ಮತ್ತೊಮ್ಮೆ ಓಡಿಸಿದೆ. ಸಿಗಲಿಲ್ಲ. ಯಾವುದು ಎಷ್ಟಿರಬೇಕು ಎಂದು ಬರೆದಿಟ್ಟ ಆ ಮಿತಿ ಫೈಲು ಅಲ್ಲೇ ಇದೆ! ಪ್ರೋಗ್ರಾಂ ಇರುವ ಫೋಲ್ಡರಿನಲ್ಲೇ, ಅದರ ಮಗ್ಗುಲಲ್ಲೇ ಬಿದ್ದುಕೊಂಡಿದೆ!

"ನನ್ನ ಕಂಪ್ಯೂಟರಲ್ಲಿ ಓಡುತ್ತೆ ಸರ್," ಅಂದೆ. ಅನ್ನಬಾರದಿತ್ತು.

"ನಿಮ್ಮ ಮಗು ನಿಮ್ಮನೇಲಿ ಮಾತ್ರ ಮಾತಾಡುತ್ತೇನ್ರೀ?" ಅಂದಳು ಸರಪಳಿ.

ಡಾಕ್ಟರ್ ಕೂಡ ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಇದೇ ಮೊದಲು. ಮ್ಯಾನೇಜರ್ ನಗಲಿಲ್ಲ, ಗಡಿಯಾರ ನೋಡಿಕೊಂಡರು. ಅದು ಇನ್ನೂ ಕೆಟ್ಟದ್ದು.

ಮಾರ್ಚ್ 6, ಬುಧವಾರ

ಸಿಕ್ಕಿತು. ಎಂಥ ಪೆದ್ದುತನ! ನನ್ನದಲ್ಲ, ಪ್ರೋಗ್ರಾಮಿನದು. ಅಥವಾ ಇಬ್ಬರದೂ.

ಬರೀ ಹೆಸರು ಹೇಳಿ "ಆ ಫೈಲ್ ತೆಗೆ" ಎಂದರೆ ಪ್ರೋಗ್ರಾಂ ಅದನ್ನು ತಾನಿರುವ ಜಾಗದಲ್ಲಿ ಹುಡುಕುವುದಿಲ್ಲ. ತನ್ನನ್ನು ಎಲ್ಲಿಂದ ಕರೆದರೋ ಅಲ್ಲಿ ಹುಡುಕುತ್ತದೆ. ನಾನು ಯಾವಾಗಲೂ ಅದೇ ಫೋಲ್ಡರಿನೊಳಗೆ ಹೋಗಿ ಅಲ್ಲಿಂದಲೇ ಓಡಿಸುತ್ತಿದ್ದೆ, ಎರಡೂ ಜಾಗ ಒಂದೇ ಆಗಿತ್ತು. ಸೇತುವೆ ಬ್ರಾಂಚಿನಲ್ಲಿ ಕರೆದದ್ದು ಯಂತ್ರದ ಸಾಫ್ಟ್‌ವೇರ್, ಅದರ ಫೋಲ್ಡರಿನಿಂದ. ನನ್ನ ಪ್ರೋಗ್ರಾಂ ಪಾಪ ಅಲ್ಲಿ ಹೋಗಿ ತಡಕಾಡಿ ಬರಿಗೈಲಿ ನಿಂತಿತು.

ಊಟದ ಹೊತ್ತಿನಲ್ಲೇ ಸರಿಮಾಡಿದೆ. ಮೊದಲು ಕರೆದ ಜಾಗದಲ್ಲಿ ನೋಡು. ಅಲ್ಲಿಲ್ಲದಿದ್ದರೆ ಡಿ ಡ್ರೈವಿನ ಇಂಥ ಫೋಲ್ಡರಿಗೆ ಹೋಗು. ಹೀಗೆ ಪೂರ್ತಿ ವಿಳಾಸ ಬರೆದುಬಿಟ್ಟೆ. ಎಲ್ಲ ಬ್ರಾಂಚಿನಲ್ಲೂ ಅದೇ ಹೆಸರಿನ ಫೋಲ್ಡರ್ ಮಾಡಿದರಾಯಿತು, ಅದಕ್ಕೇನು ಮಹಾ?

ಬೆಳಿಗ್ಗೆ ಮನೆಯಲ್ಲಿ ವಾರಗಿತ್ತಿ ಫ್ರಿಜ್ಜಿನಲ್ಲಿದ್ದ ನನ್ನ ಡಬ್ಬಿಯನ್ನು ಕೆಳಗಿನ ಶೆಲ್ಫಿಗೆ ಸರಿಸಿ, "ಅಲ್ಲಿಟ್ರೆ ನನ್ನ ಕೈಗೆ ಅಡ್ಡ ಬರುತ್ತೆ," ಅಂದಳು. ನಾವೇ ಅವಳ ಕೈಗೆ ಅಡ್ಡ. ಬಾಯಿಗೆ ಬೀಗ ಹಾಕಿಕೊಂಡು ಬಸ್ಸು ಹಿಡಿದೆ.

ಮಾರ್ಚ್ 9, ಶನಿವಾರ

ಸೇತುವೆ ಬ್ರಾಂಚಿನಲ್ಲಿ ಓಡಿತು! ಯಂತ್ರ ನಿಂತದ್ದೇ ತಡ, ಪ್ರಿಂಟರಿನಿಂದ ರಿಪೋರ್ಟು ಸರಸರನೆ ಹೊರಗೆ ಬಂತು, ಲ್ಯಾಬಿನ ಹೆಸರು, ತಲೆಬರಹ ಸಮೇತ. ಸರಪಳಿ ಕನ್ನಡಕ ಏರಿಸಿ ಅಂಕಿ ಅಂಕಿಯನ್ನೂ ತನ್ನ ಟೈಪಿಂಗಿಗೆ ಹೋಲಿಸಿದಳು. ತಪ್ಪು ಸಿಕ್ಕೀತೇ ಎಂದು ಹಾಳೆಯನ್ನು ಬೆಳಕಿಗೆ ಹಿಡಿದಳು. ಸಿಗಲಿಲ್ಲ. ನನ್ನ ಹೊಟ್ಟೆ ತಣ್ಣಗಾಯಿತು.

ಸಂಜೆ ಇವರೊಟ್ಟಿಗೆ ಹೋಗಿ ಒಂದು ಮನೆ ನೋಡಿ ಬಂದೆ. ಎರಡು ಕೋಣೆ, ಅಡುಗೆಮನೆಗೆ ಸ್ವಂತ ಕಿಟಕಿ, ಬಚ್ಚಲಿಗೆ ಒಳಗಿನಿಂದ ಚಿಲಕ. ಮನೆಯೊಡತಿ ಮೂಗು ಸಿಂಡರಿಸಿ, "ಪರ್ಮನೆಂಟ್ ಕೆಲ್ಸ ಇರೋರ್ಗೆ ಮಾತ್ರ ಕೊಡೋದು. ನಿಮ್ಮಿಬ್ಬರಲ್ಲಿ ಯಾರ್ದು ಪರ್ಮನೆಂಟು?" ಅಂದಳು. ಇವರು ಓಡಿಸುತ್ತಿದ್ದ ವ್ಯಾನಿನ ಕಂಪನಿ ಬಾಗಿಲು ಹಾಕಿದ ಮೇಲೆ ಸಿಕ್ಕ ಸಿಕ್ಕ ಕೆಲಸ ಮಾಡುತ್ತಿದ್ದಾರೆ. ಇವರು ಚಪ್ಪಲಿ ನೋಡಿಕೊಂಡರು. "ನಂದು ಆಗುತ್ತೆ," ಅಂದೆ. "ಎರಡು ತಿಂಗಳು ಕಾಯ್ತೀರಾ?"

"ಮಳೆಗಾಲದೊಳಗೆ ಆದ್ರೆ ನೋಡೋಣ," ಅಂದಳು. ದಾರಿಯುದ್ದಕ್ಕೂ ಇವರು ಆ ಕಿಟಕಿಗೆ ಯಾವ ಬಣ್ಣ ಬಳಿಯುವುದು ಎಂದು ಮಾತಾಡಿದರು. ಬಹಳ ದಿನದ ಮೇಲೆ ಬಾಯಿ ಬಿಟ್ಟಿದ್ದರು, ನಾನೂ ತಡೆಯಲಿಲ್ಲ.

ಮಾರ್ಚ್ 14, ಗುರುವಾರ

ಇದನ್ನು ಬರೆದಿಡದೆ ನಿದ್ದೆ ಬರುವಂತಿಲ್ಲ.

ಮಾರ್ಕೆಟ್ ಬ್ರಾಂಚಿನಲ್ಲಿ ಸೋಮವಾರದಿಂದ ನನ್ನ ಪ್ರೋಗ್ರಾಂ ಓಡುತ್ತಿತ್ತು. ಕೆಂಪಕ್ಷರ ಇಲ್ಲ, ದೂರಿಲ್ಲ. ಇವತ್ತು ಡಾಕ್ಟರ್ ಫೋನ್ ಮಾಡಿ, "ಈಗಿಂದೀಗ್ಲೇ ಬನ್ನಿ," ಅಂದರು. ಹೋದೆ. ಅವರೆದುರು ಒಬ್ಬ ಹೆಂಗಸು ಕೂತಿದ್ದರು, ಉಗುರು ಕೂಡ ಬಿಳಿ.

"ಈಯಮ್ಮನ ಮುಖ ನೋಡಿ. ಮೆಟ್ಟಿಲು ಹತ್ತೋಕೆ ಆಗ್ತಿಲ್ಲ ಅವ್ರಿಗೆ. ನಿಮ್ಮ ರಿಪೋರ್ಟು ನಾರ್ಮಲ್ ಅಂತಿದೆ," ಅಂದರು ಡಾಕ್ಟರ್. ದನಿ ಏರಿಸಲಿಲ್ಲ. ಏರಿಸಿದ್ದರೆ ವಾಸಿಯಿತ್ತು.

ಹಿಮೋಗ್ಲೋಬಿನ್ ಅಂಕಿ ಸರಿಯೇ ಇತ್ತು. ಪಕ್ಕದಲ್ಲಿದ್ದ ಮಿತಿ ತಪ್ಪು. ಅದು ಮಕ್ಕಳ ಮಿತಿ, ದೊಡ್ಡವರದಕ್ಕಿಂತ ಕಡಿಮೆ! ಆ ಬ್ರಾಂಚಿನ ಎದುರಿಗೇ ಮಕ್ಕಳ ಆಸ್ಪತ್ರೆ. ನಾನೇ ಹಿಂದೆ ಎಲ್ಲ ಬ್ರಾಂಚಿಗೂ ಕಳಿಸಿದ್ದ ಮಿತಿ ಫೈಲನ್ನು ಅಲ್ಲಿನವರು ಮಕ್ಕಳಿಗೆ ತಕ್ಕಂತೆ ತಿದ್ದಿ, ಹೆಸರು ಬದಲಿಸದೆ, ಯಂತ್ರದ ಫೋಲ್ಡರಿನಲ್ಲೇ ಇಟ್ಟುಕೊಂಡಿದ್ದರು. ನನ್ನ ಪ್ರೋಗ್ರಾಂ ಮೊದಲು ಕರೆದ ಜಾಗದಲ್ಲಿ ನೋಡಿತು. ಅದೇ ಹೆಸರಿನ ಫೈಲು ಸಿಕ್ಕಿತು. ಸಿಕ್ಕಿದ ಮೇಲೆ ಡಿ ಡ್ರೈವಿಗೆ ಯಾಕೆ ಹೋದೀತು? ದೊಡ್ಡವರ ರಕ್ತವನ್ನೆಲ್ಲ ಮಕ್ಕಳ ಅಳತೆಗೆ ಹಿಡಿದು ಸರಿಯಿದೆ, ಸರಿಯಿದೆ ಎಂದು ಬರೆದುಕೊಡುತ್ತಾ ಕೂತಿತ್ತು. ಸೇತುವೆ ಬ್ರಾಂಚಿನಲ್ಲಿ ಸಿಗಲಿಲ್ಲ ಎಂದು ಅರಚಿತ್ತಲ್ಲ, ಅದೇ ದೇವರಂಥ ತಪ್ಪು. ಇದು ಬಾಯಿ ಬಿಡದ ತಪ್ಪು.

ಸೋಮವಾರದಿಂದ ಹೋದ ರಿಪೋರ್ಟುಗಳನ್ನೆಲ್ಲ ಹಿಂದಕ್ಕೆ ಕರೆಸಿ ಬೇರೆ ಕೊಟ್ಟೆವು. ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿದೆ. ಬೈದವರು ಬೈದರು. ಒಬ್ಬ ಮುದುಕರು, "ಹಾಗಾದ್ರೆ ನಂಗೇನೋ ಇದೆ ಅಂತಾಯ್ತು?" ಅಂತ ಕೇಳಿದರು. ಆ ದನಿ ಕಿವಿಯಿಂದ ಹೋಗುತ್ತಿಲ್ಲ.

ಮ್ಯಾನೇಜರ್ ಹೇಳಿದ್ದು ಇಷ್ಟೇ: "ಹೀಗಾದ್ರೆ ಓನರ್‌ಗೆ ನಾನು ಏನಂತ ಹೇಳ್ಲಿ ಮೇಡಂ, ನೀವೇ ಹೇಳಿ."

ಮಾರ್ಚ್ 16, ಶನಿವಾರ

ಎರಡು ದಿನ ಊಟ ಸೇರಲಿಲ್ಲ. ವಾರಗಿತ್ತಿ ಬಂದು, "ತಟ್ಟೆ ಹಾಗೇ ಇದೆಯಲ್ಲ, ನನ್ನ ಅಡುಗೆ ರುಚಿಸ್ತಿಲ್ವಾ?" ಅಂತ ಕೇಳಿ, ನಾನು ತಲೆಯಾಡಿಸುವ ಮೊದಲೇ ಒಂದು ಲೋಟ ಬಿಸಿ ಹಾಲು ಕುಕ್ಕಿ ಹೋದಳು. ಚುಚ್ಚುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ?

ಆದರೆ ಉತ್ತರ ಸಿಕ್ಕಿದೆ. ಅದು ನನ್ನ ಕಣ್ಣೆದುರಿಗೇ ಇತ್ತು. ಪೈಥಾನ್ ಪ್ರತಿ ಪ್ರೋಗ್ರಾಮಿಗೂ ಅದು ಯಾವ ಫೈಲಿನಿಂದ ಎದ್ದು ಬಂತು ಎಂದು ಹೇಳಿಯೇ ಕಳಿಸುತ್ತದೆ. ಹಿಂದೆ ಎರಡು ಅಡಿಗೆರೆ, ಮುಂದೆ ಎರಡು ಅಡಿಗೆರೆ, ನಡುವೆ ಫೈಲ್ ಎಂಬ ಪದ: __file__ ಅಷ್ಟೇ. ಅದನ್ನು ಮೊದಲು ಪೂರ್ತಿ ವಿಳಾಸವಾಗಿ ಬಿಡಿಸಿಕೊಳ್ಳಬೇಕು, ಯಾಕೆಂದರೆ ಕೆಲವೊಮ್ಮೆ ಅರ್ಧಂಬರ್ಧ ವಿಳಾಸ ಬರುತ್ತದಂತೆ. ಆಮೇಲೆ ಕೊನೆಯ ಹೆಸರನ್ನು ಕಳಚಿದರೆ ಉಳಿಯುವುದು ಫೋಲ್ಡರ್. ಅದು ಪ್ರೋಗ್ರಾಮಿನ ಸ್ವಂತ ಮನೆ. ಇನ್ನು ಅದನ್ನು ಯಂತ್ರ ಕರೆಯಲಿ, ಮ್ಯಾನೇಜರ್ ಕರೆಯಲಿ, ಯಾವ ಮೂಲೆಯಿಂದಲೇ ಕರೆಯಲಿ, ಅದು ಆ ಕಡೆ ತಿರುಗಿಯೂ ನೋಡುವುದಿಲ್ಲ. ನೆಟ್ಟಗೆ ತನ್ನ ಮನೆಗೆ ಹೋಗಿ ತನ್ನ ಮಿತಿ ಫೈಲನ್ನೇ ತೆಗೆಯುತ್ತದೆ.

ಡಿ ಡ್ರೈವಿನ ವಿಳಾಸ ಅಳಿಸಿದೆ. ಕರೆದ ಜಾಗದಲ್ಲಿ ಹುಡುಕುವ ಸಾಲನ್ನೂ ಅಳಿಸಿದೆ. ಪ್ರೋಗ್ರಾಮನ್ನು ಎಲ್ಲೆಲ್ಲಿಂದಲೋ ಕರೆದು ನೋಡಿದೆ, ಒಂದು ಸಲವೂ ತಪ್ಪಲಿಲ್ಲ. ಡಾಕ್ಟರ್ ಒಂದು ಕಟ್ಟು ಹಳೆಯ ರಿಪೋರ್ಟುಗಳನ್ನು ತಂದು ಹೋಲಿಸಿ, ಹೂಂ ಅಂದರು. ಅವರ ಹೂಂ ಬೇರೆಯವರ ಸನ್ಮಾನಕ್ಕೆ ಸಮ.

ಮಾರ್ಚ್ 27, ಬುಧವಾರ

ಸೇತುವೆ ಬ್ರಾಂಚಿನ ಸರಪಳಿಗೆ ಇನ್ನು ಕೆಲಸಕ್ಕೆ ಬರುವುದು ಬೇಡ ಅಂದರಂತೆ. ಮೊದಲು ರಕ್ತ ತೆಗೆಯುವ ಕಡೆ ಟೋಕನ್ ಕೊಡಲು ಕೂರಿಸಿದ್ದರಂತೆ, ಆಮೇಲೆ ಅದೂ ಇಲ್ಲ. ಫೋನ್ ಮಾಡಿದ್ದಳು. ಹಲೋ ಅಂದೆ ಅಷ್ಟೇ, "ನಿಮ್ಮ ಮಗು ಚೆನ್ನಾಗಿ ಮಾತಾಡ್ತಿದ್ಯಂತಲ್ಲ, ಸಂತೋಷ ಕಣಮ್ಮ," ಅಂದು ಇಟ್ಟಳು. ಬೇಕಾಗಿತ್ತೇ ಈ ಕೊಂಕು? ಅವತ್ತು ಎಲ್ಲರೆದುರು ನಕ್ಕಾಗ ನನಗೆ ಹೇಗಾಗಿರಬೇಕು ಎಂದು ಯೋಚಿಸಿದ್ದಳಾ?

ಸ್ಟೇಷನ್ ಬ್ರಾಂಚಿನ ಕಂಪ್ಯೂಟರು ಬೇರೆ ಜಾತಿಯದು, ಅಲ್ಲಿ ವಿಂಡೋಸ್ ಇಲ್ಲ, ಲಿನಕ್ಸ್. ಇಲ್ಲಿ ಫೋಲ್ಡರುಗಳ ನಡುವೆ ಎಡಕ್ಕೆ ವಾಲಿದ ಗೆರೆ, ಅಲ್ಲಿ ಬಲಕ್ಕೆ ವಾಲಿದ ಗೆರೆ. ನಾನು ಕೈಯಾರೆ ಗೆರೆ ಎಳೆದಲ್ಲೆಲ್ಲ ಮುಗ್ಗರಿಸಿತು. ಗೆರೆ ಎಳೆಯುವ ಕೆಲಸವನ್ನು ಪೈಥಾನಿಗೇ ಬಿಟ್ಟೆ. ಫೋಲ್ಡರನ್ನೂ ಹೆಸರನ್ನೂ ಕೊಟ್ಟು ಜೋಡಿಸು ಎಂದರೆ ಆಯಾ ಕಂಪ್ಯೂಟರಿಗೆ ತಕ್ಕ ಗೆರೆಯನ್ನು ಅದೇ ಎಳೆದುಕೊಳ್ಳುತ್ತದೆ. ಮಧ್ಯಾಹ್ನದೊಳಗೆ ಮುಗಿಯಿತು.

ಅಲ್ಲಿನ ಟೈಪಿಸ್ಟ್ ಒಬ್ಬ ಬೊಕ್ಕತಲೆಯ ಗಂಡಸು. ನನಗೆ ಕುರ್ಚಿ ಬಿಟ್ಟುಕೊಟ್ಟ, ಆದರೆ ಅದರ ಮೇಲಿದ್ದ ದಿಂಬನ್ನು ಎತ್ತಿಕೊಂಡು ಬಗಲಲ್ಲಿ ಇಟ್ಟುಕೊಂಡ. ಎರಡು ಗಂಟೆ ಹೊತ್ತು ದಿಂಬು ಹಿಡಿದೇ ನಿಂತಿದ್ದ. "ಕೂತ್ಕೊಳ್ಳಿ ಸರ್," ಅಂದರೆ, "ಎಲ್ಲಿ ಕೂರ್ಲಿ?" ಅಂದ. ಮನುಷ್ಯನಿಗೆ ಇಷ್ಟು ಬಿಗುಮಾನ ಇರಬಾರದು. ಬರಿಯ ಕಬ್ಬಿಣದ ಕುರ್ಚಿಯ ಮೇಲೆ ಕೂತು ನನ್ನ ಸೊಂಟ ಹಿಡಿದುಕೊಂಡಿದೆ.

ಏಪ್ರಿಲ್ 10, ಬುಧವಾರ

ಇನ್ನು ಮೂರು ಬ್ರಾಂಚು. ಎಲ್ಲಿ ಹೋದರೂ ಹೋದ ದಿನವೇ ಓಡುತ್ತದೆ. ಮೊದಲೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದೆ, ಈಗ ಫೋಲ್ಡರನ್ನು ಇಳಿಸಿ ಚಹಾ ಕುಡಿಯುವುದರೊಳಗೆ ರಿಪೋರ್ಟು ಬಂದಿರುತ್ತದೆ.

ಬೊಕ್ಕತಲೆಯವನ ಕೆಲಸವೂ ಹೋಯಿತಂತೆ. ಅವನ ಹೆಂಡತಿ ಮುಖ್ಯ ಲ್ಯಾಬಿಗೇ ಬಂದು ಮ್ಯಾನೇಜರ್ ಕೋಣೆಯ ಹೊರಗೆ ಕೂತಿದ್ದಳು. ನನ್ನನ್ನು ಯಾರೋ ತೋರಿಸಿಕೊಟ್ಟರು ಅಂತ ಕಾಣುತ್ತದೆ, ಎದ್ದು ಬಂದು, "ನೀವೇನಾ ಅದು?" ಅಂದಳು. ಹೌದು ಅಂದೆ. ಹೋಗಿ ಮತ್ತೆ ಅಲ್ಲೇ ಕೂತಳು. ನಾನೇನು ಮಾಡಲಿ? ನಾನು ಬರೆದದ್ದು ಪ್ರೋಗ್ರಾಂ, ಅವರ ಹಣೆಬರಹವನ್ನಲ್ಲ.

ಮ್ಯಾನೇಜರ್ ಹೊಸ ಬೇಡಿಕೆ ಇಟ್ಟಿದ್ದಾರೆ. "ಪ್ರತಿ ಕಂಪ್ಯೂಟರ್‌ಗೂ ಪೈಥಾನ್ ಹಾಕೋ ತಲೆನೋವು ಬೇಡ ಮೇಡಂ. ಎಲ್ಲಾ ಸೇರ್ಸಿ ಒಂದೇ ಗಂಟು ಕಟ್ಟಿಕೊಡಿ. ಯಾರು ಬೇಕಾದ್ರೂ ತಗೊಂಡು ಹೋಗಿ ಇಟ್ರೆ ಓಡ್ಬೇಕು. ನೀವು ಪಾಪ ಎಷ್ಟೂಂತ ಓಡಾಡ್ತೀರಾ?" ನನ್ನ ಓಡಾಟದ ಬಗ್ಗೆ ಈ ಲ್ಯಾಬಿನಲ್ಲಿ ಒಬ್ಬರಾದರೂ ಯೋಚಿಸಿದರಲ್ಲ! ಆಗಲಿ ಸರ್ ಅಂದೆ.

ಇವರಿಗೆ ಹೇಳಿದರೆ, "ಗಂಟು ಕಟ್ಟಿಕೊಟ್ಟ ಮೇಲೆ ನಿಂಗೇನು ಕೆಲ್ಸ?" ಅಂದರು. ಇವರಿಗೆ ಎಲ್ಲದರಲ್ಲೂ ಒಂದು ಅಪಶಕುನ. ವ್ಯಾನ್ ಹೋದಾಗಿನಿಂದ ಹೀಗೇ. ಸುಮ್ಮನಿರಿ ಅಂದೆ.

ಏಪ್ರಿಲ್ 19, ಶುಕ್ರವಾರ

ಗಂಟು ಕಟ್ಟಿದೆ. ವಿಂಡೋಸಿಗೊಂದು, ಸ್ಟೇಷನ್ ಬ್ರಾಂಚಿನ ಲಿನಕ್ಸಿಗೊಂದು. ಕಟ್ಟಿದ ಕೂಡಲೇ ಪ್ರೋಗ್ರಾಂ ಮತ್ತೆ ದಾರಿ ತಪ್ಪಿತು! ಡಾಕ್ಟರ್ ಮಿತಿ ಫೈಲಿನಲ್ಲಿ ಒಂದು ಅಂಕಿ ತಿದ್ದಿ ಉಳಿಸಿದ್ದರು. ಮುಂದಿನ ರಿಪೋರ್ಟಿನಲ್ಲಿ ಹಳೆಯ ಅಂಕಿಯೇ ಬಂತು. ಪುಣ್ಯಕ್ಕೆ ಇನ್ನೂ ನನ್ನ ಮೇಜಿನ ಮೇಲಿತ್ತು, ಯಾವ ರೋಗಿಯ ಕೈಗೂ ಹೋಗಿರಲಿಲ್ಲ.

ಆದದ್ದು ಇಷ್ಟು. ಈ ಗಂಟು ಓಡುವಾಗಲೆಲ್ಲ ತಾತ್ಕಾಲಿಕವಾಗಿ ಒಂದು ಫೋಲ್ಡರ್ ಮಾಡಿಕೊಂಡು ಅಲ್ಲಿ ತನ್ನನ್ನು ಬಿಚ್ಚಿ ಹರಡಿಕೊಳ್ಳುತ್ತದೆ, ಮುಗಿದ ಮೇಲೆ ಗುಡಿಸಿ ಹಾಕುತ್ತದೆ. ನಿನ್ನ ಮನೆ ಯಾವುದು ಎಂದು ಕೇಳಿದರೆ ಆ ಬಾಡಿಗೆ ಜಾಗವನ್ನೇ ತೋರಿಸುತ್ತದೆ. ಗಂಟಿನ ಜೊತೆಗೆ ಕಟ್ಟಿದ್ದ ಹಳೆಯ ಮಿತಿ ಫೈಲು ಅಲ್ಲೂ ಒಂದು ಬಿದ್ದಿರುತ್ತದಲ್ಲ, ಅದನ್ನೇ ಓದಿತ್ತು. ಅದಕ್ಕೆ ಈಗ ಮೊದಲು ಕೇಳುತ್ತೇನೆ: ನೀನು ಗಂಟಿನಲ್ಲಿದ್ದೀಯಾ, ಬಿಡಿಯಾಗಿದ್ದೀಯಾ? ಬಿಡಿಯಾಗಿದ್ದರೆ ನಿನ್ನ ಫೈಲಿನ ಜಾಗ. ಗಂಟಿನಲ್ಲಿದ್ದರೆ ಗಂಟು ಎಲ್ಲಿದೆಯೋ ಆ ಜಾಗ. ಮಿತಿ ಫೈಲನ್ನು ಗಂಟಿನಿಂದ ತೆಗೆದು ಅದರ ಮಗ್ಗುಲಲ್ಲಿ ಇಟ್ಟೆ. ಅದು ಕಾಣದಿದ್ದರೆ ರಿಪೋರ್ಟೇ ಕೊಡಬೇಡ, ಅರಚು ಎಂದು ಬರೆದೆ.

ಇದಕ್ಕಿಂತ ಗಟ್ಟಿ ಮಾಡಲು ಸಾಧ್ಯವೇ ಇಲ್ಲ. ಪೆನ್ ಡ್ರೈವಿನಿಂದ ಓಡಿಸಿದೆ. ಫೋಲ್ಡರಿನ ಹೆಸರಿನ ನಡುವೆ ಖಾಲಿ ಜಾಗ ಬಿಟ್ಟು ಓಡಿಸಿದೆ. ಹೆಸರನ್ನು ಕನ್ನಡದಲ್ಲೇ ಇಟ್ಟು ಓಡಿಸಿದೆ. ಓಡಿತು, ಓಡಿತು, ಓಡಿತು. ಖುಷಿಗೆ ಒಬ್ಬಳೇ ನಕ್ಕೆ, ಗುಡಿಸುವವಳು ಬಾಗಿಲಲ್ಲಿ ನಿಂತು ನೋಡಿದಳು.

ಮೇ 6, ಸೋಮವಾರ

ಎಲ್ಲ ಬ್ರಾಂಚಿನಲ್ಲೂ ಓಡುತ್ತಿದೆ. ಕೊನೆಯ ಮೂರಕ್ಕೆ ನಾನು ಹೋಗಲೇ ಇಲ್ಲ, ಡ್ರೈವರ್ ಕೈಲಿ ಗಂಟು ಕಳಿಸಿದರು, ಅವನೇ ಇಟ್ಟು ಬಂದ. ಓನರ್ ನನ್ನನ್ನು ಕರೆಸಿ ಎಲ್ಲರೆದುರು ಬೆನ್ನು ತಟ್ಟಿದ ಹಾಗೆ ಮಾತಾಡಿದರು. "ಮುಟ್ಟೋ ಹಾಗೇ ಇಲ್ಲ ಅಂತಲ್ಲಮ್ಮ ಇದನ್ನ?" ಅಂದರು. "ಹೌದು ಸರ್, ಒಂದ್ಸಲ ಇಟ್ರೆ ಮುಗೀತು," ಅಂದೆ. ಎಷ್ಟು ಜಂಬದಿಂದ ಅಂದೆ!

ಮನೆಯೊಡತಿಗೆ ಫೋನ್ ಮಾಡಿ, ಈ ವಾರದಲ್ಲಿ ಆರ್ಡರ್ ಸಿಗುತ್ತೆ, ಮನೆ ಯಾರಿಗೂ ಕೊಡಬೇಡಿ ಅಂದಿದ್ದೇನೆ. ಇವರು ಬಣ್ಣದ ಅಂಗಡಿಯಿಂದ ಒಂದು ಚೀಟಿ ತಂದಿದ್ದಾರೆ, ಹಸಿರಿನಲ್ಲೇ ಎಷ್ಟೊಂದು ಬಗೆ.

ಮೇ 10, ಶುಕ್ರವಾರ

ತೆಗೆದುಹಾಕಿದರು.

ತೆಗೆದುಹಾಕಿದರು ಅನ್ನಲಿಲ್ಲ. ತಿಂಗಳ ಕೊನೆಗೆ ಮುಗಿಯುವ ಕಾಂಟ್ರಾಕ್ಟಿಗೆ ಮತ್ತೆ ಸಹಿ ಹಾಕಿಸಿಕೊಳ್ಳುವುದಿಲ್ಲ ಅಂದರು. ಮ್ಯಾನೇಜರ್ ಮುಖ ನೋಡಿ ಹೇಳಿದರು, ಅದಕ್ಕೇನೂ ಕಡಿಮೆಯಿಲ್ಲ. ಚಹಾ ಕೂಡ ತರಿಸಿದರು.

"ಪರ್ಮನೆಂಟ್ ಅಂದಿದ್ರಲ್ಲ ಸರ್?"

"ಅಂದಿದ್ದೆ ಮೇಡಂ, ಇಲ್ಲ ಅನ್ನಲ್ಲ. ಓನರ್ ಒಂದೇ ಮಾತು ಕೇಳಿದ್ರು, ಅವ್ರಿಗೆ ಇನ್ನೇನು ಕೆಲ್ಸ ಇದೆ ಅಂತ. ನಾನು ಏನು ಹೇಳ್ಲಿ? ಟೈಪಿಂಗ್ ಇಲ್ಲ. ಪ್ರೋಗ್ರಾಂ ಕೆಡಲ್ಲ. ನೀವು ಅಷ್ಟು ಚೆನ್ನಾಗಿ ಮಾಡ್ಬಿಟ್ಟಿದ್ದೀರಿ."

"ಕೆಟ್ರೆ?"

"ಕೆಡುತ್ತಾ?" ಅಂದರು. ನಿಜವಾಗಿಯೂ ಗಾಬರಿಯಿಂದ ಕೇಳಿದರು.

ನನ್ನ ಬಾಯಿಗೆ ಮಣ್ಣು ಬೀಳಲಿ! "ಇಲ್ಲ ಸರ್," ಅಂದುಬಿಟ್ಟೆ. ಕೆಡುತ್ತೆ ಅನ್ನಬಹುದಿತ್ತು. ತಿಂಗಳಿಗೊಮ್ಮೆ ನಾನು ಬಂದು ನೋಡಬೇಕಾಗುತ್ತೆ ಅನ್ನಬಹುದಿತ್ತು. ನನ್ನ ಕೆಲಸವನ್ನು ಬೇರೆಯವರು ಅನುಮಾನಿಸಿದರೆ ನನಗೆ ತಡೆಯುವುದಿಲ್ಲ, ಅದೇ ನನಗೆ ಮುಳುವಾಯಿತು.

ದುಡಿಸಿಕೊಂಡು, ಹಿಂಡಿ, ಸಿಪ್ಪೆ ಎಸೆದ ಹಾಗೆ ಎಸೆದರು. ಈ ಲ್ಯಾಬಿನಲ್ಲಿ ಇಂಥ ಅನ್ಯಾಯ ಇದುವರೆಗೆ ಯಾರಿಗೂ ಆಗಿರಲಿಕ್ಕಿಲ್ಲ.

ಮೇ 13, ಸೋಮವಾರ

ಮನೆಯೊಡತಿಗೆ ಬೇಡ ಅಂದೆ. "ಮೊದ್ಲೇ ಹೇಳೋದಲ್ವಾ, ಎಷ್ಟು ಜನರನ್ನ ವಾಪಸ್ ಕಳಿಸ್ದೆ," ಅಂದಳು. ಇವರು ತಂದಿದ್ದ ಬಣ್ಣದ ಚೀಟಿ ಕಾಣುತ್ತಿಲ್ಲ.

ವಾರಗಿತ್ತಿಗೆ ಯಾರು ಹೇಳಿದರೋ. ಬೆಳಿಗ್ಗೆ ಫ್ರಿಜ್ಜು ತೆಗೆದರೆ ನನ್ನ ಡಬ್ಬಿ ಮೇಲಿನ ಶೆಲ್ಫಿನಲ್ಲಿತ್ತು, ಅವಳ ಡಬ್ಬಿಗಳು ಕೆಳಗೆ. ಕನಿಕರ ತೋರಿಸುತ್ತಿದ್ದಾಳೆ ಮಹಾರಾಣಿ. ಕನಿಕರದ ಗಂಜಿಗಿಂತ ಅವಳ ಕೊಂಕೇ ವಾಸಿಯಿತ್ತು. ನನ್ನ ಡಬ್ಬಿಯನ್ನು ನಾನೇ ಕೆಳಗಿಟ್ಟೆ.

ಮೇ 30, ಗುರುವಾರ

ನಾಳೆ ಕೊನೆಯ ದಿನ. ಎಲ್ಲವನ್ನೂ ಒಪ್ಪಿಸಬೇಕು. ಎಲ್ಲ ಬ್ರಾಂಚಿಗೂ ಹೋಗುವ ಕೊನೆಯ ಗಂಟು ನಾನೇ ಕಟ್ಟಬೇಕು.

ಮಧ್ಯಾಹ್ನ ಒಬ್ಬಳೇ ಇದ್ದೆ. ಆ ಸಾಲನ್ನು ತೆಗೆದೆ, ಪ್ರೋಗ್ರಾಂ ತನ್ನ ಮನೆ ಕಂಡುಕೊಳ್ಳುವ ಸಾಲು. ಅದನ್ನು ಅಳಿಸಿ ಡಿ ಡ್ರೈವಿನ ಹಳೆಯ ವಿಳಾಸ ಬರೆದೆ. ಈಗಿರುವ ಕಂಪ್ಯೂಟರುಗಳಲ್ಲಿ ಆ ಫೋಲ್ಡರು ಇದ್ದರೆ ಓಡುತ್ತದೆ. ಎಂದೋ ಒಂದು ದಿನ ಕಂಪ್ಯೂಟರ್ ಬದಲಿಸುತ್ತಾರೆ, ಅವತ್ತು ನಿಲ್ಲುತ್ತದೆ. ನಿಂತರೆ ಯಾರನ್ನು ಕರೆಯುತ್ತಾರೆ? ನನ್ನನ್ನೇ. ಬರುತ್ತೇನೆ, ಆದರೆ ಪರ್ಮನೆಂಟ್ ಆರ್ಡರ್ ಮೇಜಿನ ಮೇಲಿಡಿ ಅನ್ನುತ್ತೇನೆ. ಆ ಮಾತನ್ನು ಮನಸ್ಸಿನಲ್ಲೇ ಎಷ್ಟು ಸಲ ಹೇಳಿಕೊಂಡೆನೋ, ಬಾಯಿ ಸಿಹಿಯಾಯಿತು.

ಆಮೇಲೆ ತೆಗೆದು ಮೊದಲಿನ ಹಾಗೇ ಮಾಡಿದೆ. ಒಳ್ಳೆಯತನದಿಂದಲ್ಲ, ನನ್ನಲ್ಲಿ ಅಷ್ಟು ಒಳ್ಳೆಯತನ ಉಳಿದಿಲ್ಲ. ನಾನು ಬರೆದದ್ದು ಬೇರೆಯವರ ಮುಂದೆ ಕೆಂಪಕ್ಷರ ತೋರಿಸಿ ನಿಲ್ಲುವುದನ್ನು ನೆನೆದರೆ ಮೈ ಉರಿಯುತ್ತದೆ. ಗಂಟು ಕಟ್ಟಿ ಒಪ್ಪಿಸಿದೆ. ಸಹಿ ಕೂಡ ಹಾಕಿದೆ.

ಜೂನ್ 11, ಮಂಗಳವಾರ

ಫೋನಿಲ್ಲ.

ಪಕ್ಕದ ಬೀದಿಯಲ್ಲಿ ಕರೆಂಟು ಹೋಗಿ ಬಂದರೂ ಈಗ ನಿಂತಿರಬಹುದು, ಈಗ ಕರೆಯಬಹುದು ಎಂದು ಫೋನ್ ನೋಡುತ್ತೇನೆ. ಎರಡು ಕಡೆ ಕೆಲಸ ಕೇಳಿದೆ. ಟೈಪಿಂಗ್ ಬರುತ್ತಾ ಅಂದರು, ಬರುತ್ತೆ ಅಂದೆ. ಆಮೇಲೆ ಅವರೇ, "ಈಗ ಅದಕ್ಕೆಲ್ಲ ಜನ ಬೇಕಾಗಲ್ಲ ಬಿಡಿ," ಅಂದರು.

ಜೂನ್ 24, ಸೋಮವಾರ

ಇವರು ಸ್ನಾನದ ಮನೆಯಲ್ಲಿ ಕಣ್ಣು ಕತ್ತಲೆ ಬಂದು ಕುಸಿದರು. ಭಾವ ಎತ್ತಿಕೊಂಡು ಬಂದು ಮಲಗಿಸಿದರು. ವಾರಗಿತ್ತಿ ಕಾಲು ತಿಕ್ಕುತ್ತಾ ಅಳುತ್ತಿದ್ದಳು. ನಮ್ಮ ಬೀದಿಯ ಕ್ಲಿನಿಕ್ಕಿನ ಡಾಕ್ಟರು ನೋಡಿ, ಹೃದಯ, ಮೂತ್ರಪಿಂಡ, ಸಕ್ಕರೆ ಎಲ್ಲದಕ್ಕೂ ರಕ್ತ ಪರೀಕ್ಷೆ ಮಾಡಿಸಿ ಅಂದರು. ಮನೆಗೆ ಹತ್ತಿರವಿರುವುದು ನಮ್ಮ ಲ್ಯಾಬಿನ ಮಾರ್ಕೆಟ್ ಬ್ರಾಂಚು. ನಮ್ಮ ಅಂತ ಇನ್ನೂ ಬರೆಯುತ್ತಿದ್ದೇನೆ, ನಾಚಿಕೆಯಿಲ್ಲದವಳು.

ಬೇರೆ ಕಡೆ ಹೋಗೋಣ ಅಂದೆ. "ಅಲ್ಲಿರೋದು ನಿನ್ನ ಪ್ರೋಗ್ರಾಂ ಅಲ್ವಾ, ಅದ್ರ ಮೇಲಾದ್ರೆ ನಂಬ್ಕೆ ಇದೆ," ಅಂದರು ಇವರು. ಕರೆದುಕೊಂಡು ಹೋಗಿ ರಕ್ತ ಕೊಡಿಸಿ ಬಂದೆ.

ಜೂನ್ 25, ಮಂಗಳವಾರ

ರಿಪೋರ್ಟಿಗೆ ಇಬ್ಬರೂ ಹೋದೆವು. ಕೌಂಟರಿನಲ್ಲಿ ಹೊಸಬಳು, ನನ್ನ ಗುರುತಿಲ್ಲ. ಟೋಕನ್ ಕೊಟ್ಟು ಬೆಂಚು ತೋರಿಸಿದಳು. ಗಾಜಿನ ಆಚೆ ಯಂತ್ರ ಗುಂಯ್ ಅನ್ನುತ್ತಿತ್ತು. ಟೈಪಿಸ್ಟ್ ಕೂರುತ್ತಿದ್ದ ಮೇಜಿನ ಮೇಲೆ ಕುಡಿಯುವ ನೀರಿನ ಕ್ಯಾನ್ ಇಟ್ಟಿದ್ದಾರೆ. ಪಕ್ಕದಲ್ಲಿ ಕಂಪ್ಯೂಟರು, ಹೊಚ್ಚಹೊಸದು. ಬದಲಿಸಿದ್ದಾರೆ. ಬದಲಿಸಿಯೂ ಆಗಿದೆ, ನನಗೆ ಫೋನ್ ಬಂದಿಲ್ಲ.

ಪ್ರಿಂಟರಿನಿಂದ ಹಾಳೆ ಬಂತು. ಆ ಹುಡುಗಿ ನೋಡದೆಯೇ ಎಳೆದು ಕೊಟ್ಟಳು.

"ಇದನ್ನ ಯಾರು ಮಾಡೋದು?" ಅಂತ ಕೇಳಿದೆ. ಯಾಕೆ ಕೇಳಿದೆನೋ.

"ಯಾರೂ ಮಾಡಲ್ಲ ಮೇಡಂ. ಅದೇ ಬರುತ್ತೆ," ಅಂದಳು.

ಬೆಂಚಿನ ಮೇಲೆ ಕೂತು ಓದಿದೆ. ಇವರು ನನ್ನ ತೋಳು ಹಿಡಿದು ಮುಖವನ್ನೇ ನೋಡುತ್ತಿದ್ದರು, ಕೈ ತಣ್ಣಗಿತ್ತು. ನಾನು ಮೊದಲು ನೋಡಿದ್ದು ಇವರ ಸಕ್ಕರೆಯನ್ನಲ್ಲ. ಮಿತಿಗಳನ್ನು ನೋಡಿದೆ. ದೊಡ್ಡವರ ಮಿತಿಗಳೇ. ಗಂಡಸರಿಗೆ ಗಂಡಸರದ್ದೇ. ಡಾಕ್ಟರ್ ತಿದ್ದಿದ ಹೊಸ ಅಂಕಿಯೇ. ಸಾಲು ಸಾಲಾಗಿ ಇಳಿದೆ, ಒಂದು ಚುಕ್ಕಿ ಆಚೀಚೆ ಇಲ್ಲ. ಒಂದು ತಪ್ಪು ಸಿಗಲಿ, ಒಂದೇ ಒಂದು ತಪ್ಪು ಸಿಗಲಿ ಎಂದು ಹಾಳೆಯನ್ನು ಬೆಳಕಿಗೆ ಹಿಡಿದೆ.

"ಏನಿದೆ? ಹೇಳೇ, ಏನಿದೆ?" ಅಂದರು ಇವರು.

"ಏನೂ ಇಲ್ಲ. ಎಲ್ಲಾ ಸರಿಯಾಗಿದೆ," ಅಂದೆ. ಅಷ್ಟು ಹೇಳುವುದರೊಳಗೆ ಅಳು ಒತ್ತರಿಸಿ ಬಂತು, ತಡೆಯಲು ಆಗಲಿಲ್ಲ. ಟೋಕನ್ ಹಿಡಿದು ಕೂತವರೆಲ್ಲ ತಿರುಗಿ ನೋಡಿದರು.

ಇವರು ನನ್ನ ತಲೆಯನ್ನು ಎದೆಗೊತ್ತಿಕೊಂಡು, "ಹುಚ್ಚಿ, ನಂಗೇನೂ ಆಗಿಲ್ಲ ಅಂದ್ಮೇಲೂ ಅಳ್ತಾರಾ?" ಅಂದು ತಾವೂ ಕಣ್ಣೊರೆಸಿಕೊಂಡರು. ಮನೆಗೆ ಬರುವವರೆಗೂ ಬಸ್ಸಿನಲ್ಲಿ ನನ್ನ ಕೈ ಬಿಡಲಿಲ್ಲ.